ಸತ್ತವರಿಲ್ಲದ ಲಡಾಯಿ

ಮಾಸ್ತರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಉಳಿದ ಅರ್ಧ, ಹಂಚಿನ ಮೇಲೆ ಹೆಚ್ಚು ಹೊತ್ತು ಬಿಟ್ಟ ರೊಟ್ಟಿಯ ಅಂಚಿನಂತೆ ಮುರುಟಿ ತಲೆಗೆ ಅಂಟಿಕೊಂಡಿತ್ತು. ಕನ್ನಡಕದ ಎಡಗಡೆಯ ಕಡ್ಡಿಗೆ ಆಸರೆ ಸಿಗದಿದ್ದುದರಿಂದ ಅದಕ್ಕೊಂದು ಕಪ್ಪು ದಾರ ಕಟ್ಟಿ ಹಿಂದಲೆಗೆ ಸುತ್ತಿಕೊಳ್ಳುತ್ತಿದ್ದರು. ರುಮಾಲನ್ನು ತುಸು ಕೆಳಗಿಳಿಸಿ ಸುತ್ತಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅವರು ಇಳಿಸಲಿಲ್ಲ, ತೋರಿಸಲೆಂದು ಏರಿಸಲೂ ಇಲ್ಲ. ಕಿವಿ ಹೋಗುವ ಮೊದಲು ಹೇಗೆ ಸುತ್ತುತ್ತಿದ್ದರೋ ಕೊನೆಯವರೆಗೂ ಹಾಗೆಯೇ ಸುತ್ತಿದರು.

ಭಾರತದ ಫೌಜು ನಿಜಾಮನ ರಾಜ್ಯಕ್ಕೆ ನುಗ್ಗಿದ ಪೊಲೀಸ್ ಆಕ್ಷನ್ನಿಗೆ ಮುಂಚಿನ ಬೇಸಿಗೆಯಲ್ಲಿ, ಭಾಲ್ಕಿಯ ಹೊರಗಿನ ಹಾದಿಯಲ್ಲಿ ನಿಜಾಮನ ಪರದ ರಜಾಕಾರರ ಗುಂಪೊಂದು ಅವರನ್ನು ಅಡ್ಡಗಟ್ಟಿತ್ತು. ನಿಜಾಮನ ಆಳ್ವಿಕೆ ಮುಗಿದ ಮೇಲೆ ಬೀದರಿನಲ್ಲಿ ನಡೆದ ಒಂದು ಸನ್ಮಾನದಲ್ಲಿ, ತಲವಾರಿಗೆ ಎದೆಯೊಡ್ಡಿ ನಿಂತ ಧೀರ ಎಂದು ಭಾಷಣಕಾರರು ಅವರನ್ನು ಬಣ್ಣಿಸಿದರು. ಮಾಸ್ತರು ಎದ್ದು ನಿಂತು ತಿದ್ದಿದರು. “ನಾ ಎದುರು ನಿಂತಿಲ್ರಿ. ಓಡ್ಲಿಕ್ಕತ್ತಿದ್ದೆ. ಹಿಂದಿಂದ ಹೊಡದರು. ಎದುರು ನಿಂತಿದ್ರ ಮೂಗು ಹೋಗ್ತಿತ್ತು.” ಸಭೆ ನಕ್ಕಿತು. ಶಾಲು ಹೊದಿಸುವವರು ಹೊದಿಸುವುದೋ ಬೇಡವೋ ಎಂದು ಕೈಯಲ್ಲೇ ಹಿಡಿದು ನಿಂತಿದ್ದರು.

ನಾನು ಅವರನ್ನು ಮಾಸ್ತರು ಎಂದೇ ಕರೆದವನು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಬೀದರಿನ ಶಾಲೆಯಲ್ಲಿ ಅವರು ನಮಗೆ ಉರ್ದುವಿನಲ್ಲಿ ಇತಿಹಾಸವನ್ನೂ, ಬೇಕೆಂದವರಿಗೆ ಫಾರ್ಸಿಯನ್ನೂ ಕಲಿಸಿದರು. ಭಾಲ್ಕಿಯ ಲಿಂಗವಂತ ಮನೆತನದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಓದಿಗೆ ಫಾರ್ಸಿ. ಯಾವ ಹುಡುಗ ಯಾವ ಸಂಗತಿ ಹೇಳಿದರೂ ಅವರಿಂದ ಬರುತ್ತಿದ್ದುದು ಮೂರೇ ಪ್ರಶ್ನೆ: ಯಾರದು? ಎಲ್ಲಿ? ಯಾವಾಗ? ನನ್ನ ಪಾಟಿಯನ್ನು ಗೆಳೆಯನೊಬ್ಬ ಒಡೆದನೆಂದು ಅಳುತ್ತ ಹೋದಾಗಲೂ ಇವೇ ಮೂರನ್ನು ಕೇಳಿದ್ದರು. ಉತ್ತರ ಹುಡುಕುವುದರೊಳಗೆ ಅಳು ನಿಂತಿತ್ತು.

ನಮ್ಮ ಸೀಮೆಗೆ ಆದ ಅನ್ಯಾಯಗಳನ್ನು ಹೇಳದೆ ಅವರು ಸದಾ ಹೇಳಿಕೊಳ್ಳುತ್ತಿದ್ದ ದಣಿವು ಅರ್ಥವಾಗದು. ನಿಜಾಮನ ಸರ್ಕಾರ ಕನ್ನಡದ ಮಕ್ಕಳಿಗೆ ಕನ್ನಡದ ಶಾಲೆಯನ್ನು ಕೊಡಲಿಲ್ಲ; ಅದು ಅನ್ಯಾಯ. ಜಹಗೀರದಾರರು ಬಡವರಿಂದ ಕೂಲಿ ಕೊಡದೆ ಬೇಗಾರ ಮಾಡಿಸಿದರು. ಅದರಲ್ಲಿ ಹಿಂದೂ ಯಾರು ಮುಸಲ್ಮಾನ ಯಾರು ಎಂಬ ಭೇದವಿರಲಿಲ್ಲ. ರಜಾಕಾರರು ಊರುಗಳನ್ನು ಸುಟ್ಟರು, ಅದು ಅನ್ಯಾಯ. ಫೌಜು ಬಂದು ಅವರ ಆಟ ಮುಗಿದ ಮೇಲೆ, ರಜಾಕಾರರ ಮುಖವನ್ನೂ ಕಾಣದಿದ್ದ ಬಡ ಮುಸಲ್ಮಾನರನ್ನು ಸೇಡಿಗೆ ಹೊರಟ ಜನ ಹಳ್ಳಿಗಳಲ್ಲಿ ಹಿಡಿದು ಕೊಂದರು. ಅದು ಅಷ್ಟೇ ದೊಡ್ಡ ಅನ್ಯಾಯ. ಅದನ್ನು ಯಾರೂ ಬಾಯಿಬಿಟ್ಟು ಹೇಳದೆ ಹೋದದ್ದು ಅದರ ಮೇಲಿನ ಅನ್ಯಾಯ. ಕಡೆಗೆ, ಹೊಸ ಸರ್ಕಾರ ಭಾಷೆ ಬದಲಿಸಿದಾಗ, ಉರ್ದುವಿನಲ್ಲಿ ಪಂಡಿತರಾಗಿದ್ದವರು ಒಂದೇ ಆಜ್ಞೆಯಿಂದ ಅನಕ್ಷರಸ್ಥರಾದರು. ನಡುವಯಸ್ಸು ದಾಟಿದ ಮಾಸ್ತರು ತಮ್ಮ ವಿದ್ಯಾರ್ಥಿಗಳ ಪಕ್ಕದಲ್ಲೇ ಕೂತು ಕನ್ನಡ ಪರೀಕ್ಷೆ ಬರೆಯಬೇಕಾಯಿತು. ಪಾಸಾದರು. ಫಾರ್ಸಿ ಕೇಳುವವರಿಲ್ಲದ್ದರಿಂದ ಅವರಿಗೆ ಚಿತ್ರಕಲೆಯ ತರಗತಿಯನ್ನು ಕೊಟ್ಟರು. ಹೂಕುಂಡ ಬರೆಯಲು ಹೇಳಿ ತಾವು ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದರಂತೆ. “ದಣದೀನಪಾ” ಎಂಬುದು ಅವರ ಮಾತಿನ ಮೊದಲೂ ಆಗಿತ್ತು, ಕೊನೆಯೂ ಆಗಿತ್ತು. ಆದರೆ ದಣಿದಿದ್ದೇನೆಂದು ಹೇಳಿ ಯಾವ ಕೆಲಸವನ್ನೂ ಅವರು ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಾಣೆ.

ಹೈದರಾಬಾದ್ ರಾಜ್ಯ ಭಾಷೆಯ ಮೇಲೆ ಒಡೆಯುತ್ತದೆಂಬ ಮಾತು ಗಟ್ಟಿಯಾಗುತ್ತಿದ್ದ ಕಾಲ. ಬೀದರಿನ ಕೆಲವು ಕನ್ನಡಿಗರು ಕೂಡಿ ನಮ್ಮ ಸೀಮೆಯದೇ ಒಂದು ಜ್ಞಾನಕೋಶ ತರಲು ನಿಶ್ಚಯಿಸಿದರು. ಒಬ್ಬ ವಕೀಲರು ಅಧ್ಯಕ್ಷರು, ಶಾಲೆ ಬಿಟ್ಟು ಭಾಲ್ಕಿಯಲ್ಲಿ ನೆಲೆಸಿದ್ದ ಮಾಸ್ತರು ಸಂಪಾದಕರು, ಹೈದರಾಬಾದಿನಲ್ಲಿ ಓದು ಮುಗಿಸಿ ಚಳವಳಿಯ ಹುರುಪಿನಿಂದ ಮರಳಿದ್ದ ನಾನು ಕಾರ್ಯದರ್ಶಿ. ಚೌಬಾರದ ಬಳಿ ಒಂದು ಬಟ್ಟೆಯಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದೆವು. ಬೀದರ, ಭಾಲ್ಕಿ, ಔರಾದಗಳ ಬಗ್ಗೆ ಬರೆಯಲು ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಒಂದು ಲಡಾಯಿಯ ಮೇಲೆ.

ಔರಾದ ಸೀಮೆಯ ಒಂದು ಹಳ್ಳಿಯ ಪಾಟೀಲರು ನಮ್ಮ ಕೋಶಕ್ಕೆ ಕಾಗದ ಕೊಡಿಸುವ ಹೊಣೆ ಹೊತ್ತಿದ್ದರು. ನಾಲ್ಕು ನೂರು ವರ್ಷಗಳ ಹಿಂದೆ, ಬೀದರನ್ನಾಳಿದ ಬರೀದಶಾಹಿ ಕಾಲದಲ್ಲಿ ತಮ್ಮೂರಿನ ಬಳಿ ದೊಡ್ಡ ಲಡಾಯಿ ನಡೆದಿದೆ, ಸತ್ತ ಸೈನಿಕರ ಗೋರಿಗಳು ಈಗಲೂ ಇವೆ, ಊರವರು ಅವನ್ನು ಲಡಾಯಿ ಪೀರರೆಂದು ಪೂಜಿಸಿ ನಡೆದುಕೊಳ್ಳುತ್ತಾರೆ, ಆದ್ದರಿಂದ ಅದಕ್ಕೆ ಕೋಶದಲ್ಲಿ ಪ್ರತ್ಯೇಕ ನಮೂದು ಬೇಕು ಎಂಬುದು ಅವರ ಕೋರಿಕೆ.

ಮಾಸ್ತರು ಫಾರ್ಸಿಯ ತವಾರೀಖುಗಳನ್ನು, ಆ ಕಾಲದ ಚರಿತ್ರೆಯ ಪುಸ್ತಕಗಳನ್ನು, ತಿಂಗಳುಗಟ್ಟಲೆ ತಿರುವಿದರು. ಸಿಕ್ಕಿದ್ದು ಒಂದೇ ಕಡೆ, ಎರಡೇ ಸಾಲು. ಬೀದರಿನ ಕೋಟೆಯಿಂದ ಹೊರಟ ಒಂದು ಸಣ್ಣ ಫೌಜು ಮಾಂಜ್ರಾ ನದಿಯ ಹತ್ತಿರ ಎಲ್ಲಿಯೋ ಎದುರಾಳಿಗಳನ್ನು ಕಂಡಿತು, ತುಸು ಕಾದಾಟವಾಯಿತು, ಮಳೆ ಬಂದು ಎರಡೂ ಕಡೆಯವರು ಹಿಂದಿರುಗಿದರು. ಅಷ್ಟೇ. ಸಭೆಯಲ್ಲಿ ಇದನ್ನು ಓದಿ ಹೇಳಿ, ಔರಾದದ ನಮೂದಿನೊಳಗೆ ಇದಕ್ಕೆ ಒಂದು ವಾಕ್ಯ ಸಾಕು ಎಂದರು.

ಅಧ್ಯಕ್ಷರಾದ ವಕೀಲರಿಗೆ ಅದು ಹಿಡಿಸಲಿಲ್ಲ. ಮರಾಠಿಯವರು ತಮ್ಮ ಒಂದೊಂದು ಗುಡ್ಡಕ್ಕೂ ಒಂದೊಂದು ಲಡಾಯಿ ಬರೆದುಕೊಂಡಿದ್ದಾರೆ, ಗಡಿ ಗೆರೆ ಎಳೆಯುವ ಹೊತ್ತಿಗೆ ನಮಗೊಂದಾದರೂ ಬೇಡವೇ ಎಂದು ವಾದಿಸಿದರು.

“ಸಾಲಿ ಬಿಟ್ಟ ಮ್ಯಾಲ ಹುಡುಗೂರು ಇದಕಿಂತ ಹೆಚ್ಚಿಗಿ ಬಡದಾಡ್ತಾವ್ರಿ ವಕೀಲಸಾಬ್” ಎಂದರು ಮಾಸ್ತರು. “ಅದಕ್ಕೂ ಒಂದೊಂದು ನಮೂದು ಕೊಡೂಣೇನು?”

ನಾನು ವಕೀಲರ ಪರ ನಿಂತೆ. ಕಾರಣ ಮಾತ್ರ ಬೇರೆಯಿತ್ತು. ದೊಡ್ಡ ಅರಸರ ದೊಡ್ಡ ಯುದ್ಧಗಳನ್ನಷ್ಟೇ ಬರೆಯುವುದು ಇತಿಹಾಸದ ಹಳೆಯ ಪಕ್ಷಪಾತ, ಸಣ್ಣವರ ಕಾದಾಟಕ್ಕೂ ಸ್ಥಳ ಸಿಗಲಿ ಎಂದು ಉದ್ದಕ್ಕೆ ಮಾತಾಡಿದೆ. ಮಾಸ್ತರು ಕನ್ನಡಕದ ದಾರ ಬಿಚ್ಚಿ ಕಣ್ಣುಜ್ಜಿಕೊಂಡರು.

“ಸಣ್ಣದು ಅಂತ ಬ್ಯಾಡ ಅನ್ಲಿಕ್ಕತ್ತಿಲ್ಲ ತಮ್ಮಾ. ಗೊತ್ತಿಲ್ಲ ಅಂತ ಬ್ಯಾಡ ಅಂತೇನಿ. ಇದರಾಗ ಒಬ್ಬರು ಸತ್ತದ್ದೂ ಬರದಿಲ್ಲ.” ಆಮೇಲೆ, ಅದನ್ನು ತಮಗೆ ತಾವೇ ಹೇಳಿಕೊಳ್ಳುವವರಂತೆ, “ಸತ್ತವರ ಇಲ್ಲಂದ್ರ ಗೋರಿ ಯಾರವು?”

ಆ ವಾರವೇ ನಾವಿಬ್ಬರೂ ಔರಾದದ ಬಸ್ಸು ಹತ್ತಿದೆವು. ಅಲ್ಲಿಂದ ಹಳ್ಳಿಗೆ ನಡಿಗೆ. ಮಳೆಗಾಲ ಆಗಷ್ಟೇ ಹಿಂದಾಗಿತ್ತು. ಎರೆಮಣ್ಣು ಚಪ್ಪಲಿ ಹಿಡಿದು ಬಿಡುತ್ತಿರಲಿಲ್ಲ. ಮಾಸ್ತರು ಎರಡು ಕಡೆ ಕೂತು ಸುಧಾರಿಸಿಕೊಂಡರು. ಹಳ್ಳಿಯ ಹೊರಗೆ, ಬೇವಿನ ಮರದ ಕೆಳಗೆ, ಹೊಲದ ಒಂದು ಮೂಲೆಯಲ್ಲಿ ಗೋರಿಗಳಿದ್ದವು. ಹಸಿರು ಬಟ್ಟೆ, ಊದಿನ ಬೂದಿ, ಸಕ್ಕರೆಗೆ ಮುತ್ತಿದ ಇರುವೆ. ನಮ್ಮ ಕಡೆ ಪೀರರಿಗೆ ಎಲ್ಲರೂ ನಡೆದುಕೊಳ್ಳುತ್ತಾರೆ. ಮೊಹರಂ ಬಂದರೆ ಕೆಂಡ ಹಾಯಲು ಅಲಾವಿಯ ಗುಂಡಿ ತೋಡುವವರು ಹಿಂದೂಗಳೇ. ಹೀಗಾಗಿ ಮೊದಲ ನೋಟಕ್ಕೆ ನನಗೆ ವಿಶೇಷವೇನೂ ಕಾಣಲಿಲ್ಲ.

ಹಾಲುಮತದ ಒಬ್ಬ ಮುದುಕ ಕುರಿಗಳನ್ನು ಬದುವಿನ ಮೇಲೆ ಬಿಟ್ಟು, ಬುಟ್ಟಿಯಿಂದ ಗೋರಿಗಳಿಗೆ ಮಣ್ಣು ತುಂಬುತ್ತಿದ್ದ. ಹೊಲ ಅವನದೇ. ಮಳೆಗೆ ಗೋರಿಗಳು ಕುಸಿದಿದ್ದವು. ವರ್ಷವೂ ಕುಸಿಯುತ್ತವೆ, ವರ್ಷವೂ ತುಂಬುತ್ತೇನೆ ಎಂದ. ಮಾಸ್ತರು ಅವನ ಪಕ್ಕದಲ್ಲೇ ಬದುವಿನ ಮೇಲೆ ಕೂತರು. ಕುರಿಗಳ ಬಗ್ಗೆ, ಜೋಳದ ಬಗ್ಗೆ ಕೇಳಿದರು. ನನಗೆ ತಾಳ್ಮೆ ತಪ್ಪುತ್ತಿತ್ತು. ಕಡೆಗೆ, ಈ ಪೀರರು ಯಾವ ಕಾಲದವರು ಎಂದರು.

“ಹಿರೇರ ಕಾಲದವರ್ರಿ. ಬಾದಶಾನ ಲಡಾಯಿದವರು.”

“ನಿಮ್ಮಪ್ಪನೂ ಹಿಂಗ ಮಣ್ಣು ಹಾಕ್ತಿದ್ದನೇನು?”

ಮುದುಕ ಬುಟ್ಟಿ ಕೆಳಗಿಟ್ಟ. ಒಂದು ಕುರಿಯನ್ನು ಹೆಸರು ಹಿಡಿದು ಕೂಗಿದ. ಅದು ಎಲ್ಲಿಗೂ ಹೋಗಿರಲಿಲ್ಲ.

“ಇಲ್ರಿ” ಎಂದ. “ಅಪ್ಪ ಇರೂತನಕ ಇಲ್ಲಿ ಜ್ವಾಳ ಬಿತ್ತಿದೀವ್ರಿ.”

“ಅಪ್ಪ ಯಾವಾಗ ಹ್ವಾದ?”

“ಪೊಲೀಸ್ ಆಕ್ಷನ್ ಆಗೂಕಿಂತ ಮುಂಚಿನ ಥಂಡಿದಾಗ್ರಿ.”

ಮಾಸ್ತರು ಅವನ ಬುಟ್ಟಿಯನ್ನು ಎಳೆದುಕೊಂಡು, ಕೊನೆಯ ಗೋರಿಗೆ ತಾವೇ ಮಣ್ಣು ಹಾಕಿದರು. ಹಾಕಿ ಮುಗಿಸಿದ ಮೇಲೆ ಆ ಮುದುಕನೇ ಊರ ಕಡೆ ಕೈ ಮಾಡಿ, ಮೂಲೆಯ ಮನೆಯಲ್ಲಿ ಕೌದಿ ಹೊಲಿಯುವ ಹೆಂಗಸಿದ್ದಾಳೆ, ಅವಳನ್ನು ಕೇಳಿರಿ ಎಂದ.

ಆಕೆ ಪಿಂಜಾರರವಳು. ಗಂಡ ಆ ಊರಿನ ಮನೆಮನೆಗೂ ಗಾದಿ ತುಂಬಿಕೊಟ್ಟವನು. ಮಾಸ್ತರು ತಾವು ಯಾರು, ಏಕೆ ಬಂದೆವು, ಪುಸ್ತಕದಲ್ಲಿ ಏನು ಬರೆಯಲು ಕೇಳಿದ್ದಾರೆ ಎಂದು ಮೊದಲೇ ತಿಳಿಸಿದರು. ಆಕೆ ಸೂಜಿ ನಿಲ್ಲಿಸದೆ ಹೇಳಿದಳು. ಫೌಜು ಬೀದರ ದಾಟಿ ಹೋದ ಮೇಲೆ, ಹೊರಗಿನ ಜನವೂ ಊರಿನ ಕೆಲವರೂ ಕೂಡಿ ಬಂದಿದ್ದರು. ಗಂಡನ ಜೊತೆ ಮೈದುನನನ್ನೂ, ಮಸೀದಿಯಲ್ಲಿ ಬಾಂಗು ಕೊಡುವ ಮುದುಕನನ್ನೂ, ಇನ್ನು ಕೆಲವರನ್ನೂ ಆ ಹೊಲಕ್ಕೆ ನಡೆಸಿಕೊಂಡು ಹೋದರು. ಮರು ವರ್ಷ ಮಳೆ ಹಿಡಿಯಲಿಲ್ಲ. ಊರಿನಲ್ಲಿ ಎರಡು ಮಕ್ಕಳು ತೀರಿಕೊಂಡವು. ಯಾರೋ ರಾತ್ರೋರಾತ್ರಿ ಗೋರಿಯ ಮೇಲೆ ಸಕ್ಕರೆ ಇಟ್ಟರು. ಇನ್ನೊಬ್ಬರು ಹಸಿರು ಬಟ್ಟೆ ಹೊದಿಸಿದರು. ಯಾರ ಗೋರಿ ಎಂದು ಮಕ್ಕಳು ಕೇಳಿದಾಗ ಹಿರಿಯರು ಬಾದಶಹನ ಕಾಲದವು ಎಂದರು. ಹೀಗೆ, ತಾವೇ ಕೊಂದವರನ್ನು ತಮ್ಮ ಕೈಯಿಂದಲೇ ಪೀರರನ್ನಾಗಿ ಮಾಡಿಕೊಂಡಿದ್ದರು.

ಎಲ್ಲವನ್ನೂ ಬರೆಯುತ್ತೇವೆ, ಮಾಡಿದವರ ಹೆಸರು ಹೇಳಿರಿ, ಪತ್ರಿಕೆಗಳಿಗೆ ಕೊಡುತ್ತೇವೆ, ಸರ್ಕಾರವನ್ನು ಕೇಳುತ್ತೇವೆ ಎಂದು ಒಂದೇ ಉಸಿರಿಗೆ ಹೇಳಿದೆ.

“ನೀವು ಬರದು ಔರಾದದ ಬಸ್ ಹತ್ತಿ ಹೋಗ್ತೀರಿ ಬೇಟಾ” ಎಂದಳು. “ನಾ ಎಲ್ಲಿಗಿ ಹೋಗ್ಲಿ? ಪೀರ್ ಅಂತಾರ, ಹೂವ ತರ್ತಾರ. ಆ ಕೈಲೇ ತರ್ತಾರ. ನಾ ನೋಡ್ತೇನಿ. ಅಷ್ಟಾದರೂ ಅದ.”

ಮಾಸ್ತರು ಬಹಳ ಮೆಲ್ಲಗೆ ಕೇಳಿದರು. “ಹಂಗಾದ್ರ ತಂಗಿ, ಲಡಾಯಿದಾಗ ಸತ್ತವರು ಅಂತ ಪುಸ್ತಕದಾಗ ಬರೀಲೇನು?”

ಆಗ ಸೂಜಿ ನಿಂತಿತು.

“ಬ್ಯಾಡ್ರಿ ಸಾಬ್. ಮಂದಿ ಬಾಯಾಗ ಏನರೆ ಇರ್ಲಿ. ಪುಸ್ತಕದಾಗ ಬ್ಯಾಡ. ನನ್ನ ಗಂಡ ಲಡಾಯಿ ಮಾಡಾಂವ ಅಲ್ರಿ. ಹತ್ತಿ ಹಿಂಜಾಂವ.”

“ಬರ್ಯಾಂಗಿಲ್ಲ ತಂಗಿ” ಎಂದರು ಮಾಸ್ತರು. “ನಾ ಮಾತು ಕೊಡ್ತೇನಿ.”

ಮರಳುವಾಗ ಬಸ್ಸಿನಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. ಸುಳ್ಳನ್ನು ಬರೆಯದಿರುವುದು ಅರ್ಧ ಕೆಲಸ, ನಿಜವನ್ನು ಬರೆಯುವುದು ಉಳಿದರ್ಧ ಎಂದೆ. ಇಂದಿಗೂ ನಾನು ಹಾಗೆಯೇ ನಂಬಿದ್ದೇನೆ. ಅವರು ವಾದಿಸಲಿಲ್ಲ. ಆ ನಿಜ ನಮ್ಮದಲ್ಲ, ಅದರ ಬೆಲೆ ತೆರಬೇಕಾದವಳು ಆಕೆ, ಬೇಕೆಂದಾಗ ಆಕೆ ಹೇಳಲಿ, ನಮ್ಮ ಕೈಯಲ್ಲಿರುವುದು ಅದರ ಜಾಗದಲ್ಲಿ ಬೇರೇನೂ ಬಂದು ಕೂರದಂತೆ ನೋಡಿಕೊಳ್ಳುವುದು ಎಂಬರ್ಥದ ಮಾತು ಹೇಳಿ, ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ಎಡಗಿವಿಯ ಕಡೆ ಬಸ್ಸಿನ ತಗಡು ಬಡಿಯುತ್ತಿದ್ದರೂ ಎಚ್ಚರಾಗಲಿಲ್ಲ.

ಮುಂದಿನ ಸಭೆಗೆ ಪಾಟೀಲರು ತಾವೇ ಬಂದರು. ಮಾಸ್ತರು ತಾವು ಬರೆದ ವಾಕ್ಯವನ್ನು ಓದಿದರು: ಬರೀದಶಾಹಿ ಕಾಲದಲ್ಲಿ ಈ ಸೀಮೆಯ ಮಾಂಜ್ರಾ ನದಿಯ ಬಳಿ ಒಂದು ಸಣ್ಣ ಘರ್ಷಣೆ ನಡೆದುದಾಗಿ ಒಂದೇ ಒಂದು ತವಾರೀಖು ಹೇಳುತ್ತದೆ, ಸ್ಥಳ ತಿಳಿದಿಲ್ಲ, ಸತ್ತವರ ಉಲ್ಲೇಖವಿಲ್ಲ.

ಪಾಟೀಲರು ಕೆಟ್ಟ ಮನುಷ್ಯರಂತೆ ಕಾಣುತ್ತಿರಲಿಲ್ಲ ಎಂಬುದನ್ನು ನಾನು ಬರೆಯಲೇಬೇಕು. ದೊಡ್ಡ ಅನ್ಯಾಯಗಳ ಹಿಂದೆ ಬಹಳ ಸಲ ಇಂಥ ಸೌಮ್ಯ ಮುಖಗಳೇ ಇರುತ್ತವೆ. ಅವರು ತಮ್ಮೂರಿಗೆ ನಾವು ಹೋಗಿದ್ದನ್ನು ಬಲ್ಲವರಾಗಿದ್ದರು.

“ಸ್ಥಳ ಹ್ಯಾಂಗ ತಿಳಿದಿಲ್ರಿ ಮಾಸ್ತರ? ನೀವ ಹೋಗಿ ನೋಡಿ ಬಂದೀರಿ.”

“ನೋಡಿ ಬಂದ ಮ್ಯಾಲನ ಬರದೀನ್ರಿ.”

“ಊರು ನಡೀಬೇಕಲ್ರಿ. ಹಳೀದೆಲ್ಲ ಕೆದರಿದ್ರ ನಡೀತದೇನು?”

“ನಾ ಕೆದರಿಲ್ರಿ ಪಾಟೀಲ್ರ. ಕೆದರಿದ್ರ ಈ ಒಂದು ಸಾಲಿಗಿ ನಿಂದರ್ತಿದ್ದಿಲ್ಲ.”

ಪಾಟೀಲರ ಮುಖ ಕೆಂಪಾಯಿತು. “ಅವರು ನಿಮ್ಮ ಕಿವಿ ಕೊಯ್ದರು. ನೀವು ಅವರ ಪರ ಮಾತಾಡ್ಲಿಕ್ಕತ್ತೀರಿ.”

“ನನ್ನ ಕಿವಿ ಕೊಯ್ದಾಂವ ಯಾರು ಅಂತ ನನಗ ಗೊತ್ತದ್ರಿ. ಅಂವ ಪಿಂಜಾರ ಅಲ್ಲ.” ಮಾಸ್ತರ ದನಿ ಒಂದಿಷ್ಟೂ ಏರಲಿಲ್ಲ. “ಅರ್ಧ ಕಿವಿ ಹೋಗ್ಯಾದ, ಕೇಳೂದು ಹೋಗಿಲ್ಲ. ಅಲ್ಲಿ ಕೇಳಿ ಬಂದೀನಿ.”

ನಾನು ಎದ್ದು ನಿಂತಿದ್ದೆ. ಬಾಯಿ ತೆರೆಯುವುದರೊಳಗೆ ಮಾಸ್ತರು ನನ್ನ ಅಂಗಿಯ ತುದಿ ಹಿಡಿದು ಕೆಳಗೆ ಕೂರಿಸಿದರು, ತರಗತಿಯಲ್ಲಿ ಕೂರಿಸುತ್ತಿದ್ದ ಹಾಗೆಯೇ.

ಪಾಟೀಲರು ಕಾಗದ ಕೊಡಿಸುವ ಹೊಣೆಯಿಂದ ಹಿಂದೆ ಸರಿದರು. ಸಮಿತಿ ಮಾಸ್ತರನ್ನು ಬಿಡಿಸಲಿಲ್ಲ. ಅದಕ್ಕಿಂತ ಸಭ್ಯವಾದ ದಾರಿ ಹಿಡಿಯಿತು. ಅವರು ಬೀದರಿಗೆ ಬರಲಾಗದ ದಿನಗಳಲ್ಲಿ ಸಭೆ ಕರೆಯಿತು; ಆ ಲಡಾಯಿಯ ಪ್ರತ್ಯೇಕ ನಮೂದನ್ನು ಬರೆಯಲು ಬೇರೊಬ್ಬರಿಗೆ ಒಪ್ಪಿಸಿತು. ಕಾರ್ಯದರ್ಶಿಯಾಗಿ ನಾನು ಪ್ರತಿಭಟಿಸಿದೆ, ರಾಜೀನಾಮೆಯ ಮಾತಾಡಿದೆ. ಬೇಡ, ಒಳಗಿದ್ದು ಅಚ್ಚಿನ ಕರಡು ತಿದ್ದು ಎಂದು ಮಾಸ್ತರು ಹೇಳಿಕಳಿಸಿದರು. ಸ್ವರಾಕ್ಷರಗಳ ಮೊದಲ ಸಂಪುಟ ಮಾತ್ರ ಅಚ್ಚಾಯಿತು. ಔರಾದ ಅದರ ಕೊನೆಯ ಪುಟಗಳಲ್ಲಿತ್ತು. ಅವರ ವಾಕ್ಯ ಒಂದಕ್ಷರವೂ ಬದಲಾಗದೆ ಅದರಲ್ಲಿ ಉಳಿಯಿತು. ಅಷ್ಟರಲ್ಲಿ ಕಾಗದ ತೀರಿತು, ರಾಜ್ಯ ಒಡೆಯಿತು, ಸಮಿತಿಯವರು ಹೊಸ ಕಚೇರಿಗಳ ಹೊಸ ಕುರ್ಚಿಗಳನ್ನು ಹುಡುಕುತ್ತ ಚದುರಿದರು. ಪ್ರತ್ಯೇಕ ನಮೂದು ಬರಬೇಕಿದ್ದ ವ್ಯಂಜನಗಳ ಸಂಪುಟ ಹೊರಬರಲೇ ಇಲ್ಲ.

ನಾವು ಗೆದ್ದೆವು ಎಂದು ನಾನು ಸಂಪುಟ ಹಿಡಿದು ಭಾಲ್ಕಿಗೆ ಓಡಿದೆ. ಅವರು ಆ ಪುಟವನ್ನು ಬೆಳಕಿಗೆ ಹಿಡಿದು, ಮುದ್ರಣದ ತಪ್ಪುಗಳಿವೆಯೋ ಎಂದು ನೋಡಿ, ಹಿಂದಕ್ಕೆ ಕೊಟ್ಟರು. “ತೀರಿದ ಕಾಗದ ಗೆದ್ದದ ತಮ್ಮಾ. ನಾವಲ್ಲ.” ಆಮೇಲೆ ನಕ್ಕರು, ಅವರು ನಕ್ಕದ್ದು ಅಪರೂಪ. “ಇರ್ಲಿ. ಆಕಿಗಿ ಹೋಗಿ ಹೇಳಿ ಬಾ.” ಹೋಗಿ ಹೇಳಿ ಬಂದೆ. ಆಕೆ ಓದಲು ಬಾರದವಳು. ಆ ಸಾಲು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದಳು.

ತಪ್ಪುಗಳನ್ನು ಹೆಸರು ಹಿಡಿದು ಹೇಳುವುದೇ ನನ್ನ ಬದುಕಿನ ಕೆಲಸವಾಯಿತು. ಒಡೆಯರ ಹೆಸರು, ಅಧಿಕಾರಿಗಳ ಹೆಸರು, ನನ್ನದೇ ಪಕ್ಷದವರ ಹೆಸರು, ಎಲ್ಲವನ್ನೂ ವೇದಿಕೆಯ ಮೇಲಿಂದ ಹೇಳಿದ್ದೇನೆ. ಆ ಹಳ್ಳಿಯ ಹೆಸರನ್ನು ಮಾತ್ರ ಹೇಳಿಲ್ಲ. ಹೇಳಬಹುದೆಂದು ಆಕೆ ಎಂದೂ ಅನ್ನಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಯಾರೋ ಹೊಸದಾಗಿ ಕೋಶ ಮಾಡುವವರು, ಯಾವುದೋ ಸ್ಮಾರಕದ ಕಲ್ಲು ನಿಲ್ಲಿಸುವವರು ಆಗಾಗ ನನ್ನ ಬಳಿ ಬಂದು ಆ ಲಡಾಯಿಯ ವಿವರ ಕೇಳುತ್ತಾರೆ. ಸ್ವರಾಕ್ಷರಗಳ ಸಂಪುಟ ತೆಗೆದು ಅದೇ ಸಾಲನ್ನು ತೋರಿಸುತ್ತೇನೆ. ಇಷ್ಟೇಯೇನು ಎನ್ನುತ್ತಾರೆ. ಇಷ್ಟೇ ಎನ್ನುತ್ತೇನೆ. ಈಗ ನನಗೂ ದಣಿವಾಗಿದೆ. ಆದರೂ ಆ ಪುಟವನ್ನು ಹುಡುಕಿ ತೆಗೆಯುವಷ್ಟು ಶಕ್ತಿ ಉಳಿದಿದೆ.

ಮಾಸ್ತರು ಒಂದು ಚಳಿಗಾಲದ ಬೆಳಿಗ್ಗೆ ಭಾಲ್ಕಿಯಲ್ಲಿ ತೀರಿಕೊಂಡರು. ಲಿಂಗವಂತರ ಪದ್ಧತಿಯಂತೆ ಕೂರಿಸಿ, ಕೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಬಿಲ್ವಪತ್ರೆಗಳ ನಡುವೆ ಮಣ್ಣಿಗಿಳಿಸಿದರು. ರುಮಾಲು ಎಂದಿನಂತೆಯೇ ಇತ್ತು. ಯಾರೋ ಕಿವಿಯ ಮೇಲೆ ಎಳೆಯಲು ಹೋದಾಗ ಅವರ ಹೆಂಡತಿ ತಡೆದರು. ನೆರೆದವರೆಲ್ಲ ಮಣ್ಣು ಹಾಕಿ ಸರಿದ ಮೇಲೆ, ಔರಾದದ ಬಸ್ಸು ಇಳಿದು ತಡವಾಗಿ ಬಂದ ಆ ಹೆಂಗಸು ಸೆರಗು ತಲೆಯ ಮೇಲೆಳೆದುಕೊಂಡು ಮುಂದೆ ಬಂದಳು. ತಮ್ಮವರು ಹಾಕುವ ಹಾಗೆ ಮೂರು ಹಿಡಿ ಮಣ್ಣು ಹಾಕಿದಳು.

ಆಮೇಲೆ ನನ್ನ ಬಳಿ ಬಂದು, ಇಲ್ಲಿ ಕಲ್ಲು ನಿಲ್ಲಿಸುತ್ತೀರಾ ಎಂದು ಕೇಳಿದಳು. ನಿಲ್ಲಿಸುತ್ತೇವೆ, ಹೆಸರು ಕೆತ್ತಿಸುತ್ತೇವೆ ಎಂದೆ. ಆಕೆಗೆ ಅಷ್ಟು ಸಾಲದಾಯಿತು.

“ಇಸವಿನೂ ಬರಸ್ರಿ ಬೇಟಾ” ಎಂದಳು. “ಇಸವಿ ಇಲ್ಲಂದ್ರ ಯಾರದರೆ ಆಗಿಬಿಡ್ತದ.”

ಬರೆಸಿದೆ. ಹೆಸರು, ಊರು, ಇಸವಿ.